ಅಡುಗೆ ಸೋಡಾಕ್ಕೆ ಹುಳಿ ಏಕೆ ಬೇಕು?

ರವೆ ಇಡ್ಲಿಗೆಂದು ಹುರಿದ ರವೆಯನ್ನು ಮೊಸರಿನಲ್ಲಿ ಕಲಸಿಟ್ಟು, ತಟ್ಟೆಗೆ ಹೊಯ್ಯುವ ಮುಂಚೆ ಚಿಟಿಕೆ ಅಡುಗೆ ಸೋಡಾ ಉದುರಿಸಿ ನೋಡಿ. ಸೌಟು ಆಡಿಸುತ್ತಿದ್ದಂತೆ ಹಿಟ್ಟಿನ ತುಂಬ ಸಣ್ಣ ಗುಳ್ಳೆಗಳೇಳುತ್ತವೆ, ನೋಡನೋಡುತ್ತಲೇ ಅದು ಪಾತ್ರೆಯಲ್ಲಿ ಉಬ್ಬಿ ಮೇಲೇರುತ್ತದೆ. ಉದ್ದಿನ ಹಿಟ್ಟು ರಾತ್ರಿಯಿಡೀ ಹುದುಗಿ ಮಾಡುವ ಕೆಲಸ ಇಲ್ಲಿ ಕ್ಷಣಗಳಲ್ಲಿ ಮುಗಿಯುತ್ತದೆ.

ಈ ಬಿಳಿ ಪುಡಿ ಸೋಡಿಯಂ ಬೈಕಾರ್ಬೊನೇಟ್. ಅದರ ಘಟಕವೊಂದರಲ್ಲಿ ಒಂದು ಸೋಡಿಯಂ, ಒಂದು ಜಲಜನಕ, ಒಂದು ಇಂಗಾಲ, ಮೂರು ಆಮ್ಲಜನಕದ ಪರಮಾಣುಗಳಿವೆ, ಅಷ್ಟೇ. ತೂಕದಲ್ಲಿ ಶೇ. 57ರಷ್ಟು ಆಮ್ಲಜನಕ, ಶೇ. 27ರಷ್ಟು ಸೋಡಿಯಂ. ಇಂಗಾಲ ಶೇ. 14ರಷ್ಟು ಮಾತ್ರ. ಆದರೂ ಇಡ್ಲಿಯನ್ನು ಉಬ್ಬಿಸುವುದು ಆ ಇಂಗಾಲವೇ. ಎರಡು ಆಮ್ಲಜನಕ ಪರಮಾಣುಗಳನ್ನು ಜೊತೆಗೆ ಕರೆದುಕೊಂಡು ಅದು ಕಾರ್ಬನ್ ಡೈ ಆಕ್ಸೈಡ್ ಅನಿಲವಾಗಿ ಹೊರಬರುತ್ತದೆ.

ಹೊರಬರಲು ಅದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಹುಳಿ. ಮೊಸರಿನ ಲ್ಯಾಕ್ಟಿಕ್ ಆಮ್ಲ ಸೇರಿದರೆ 84 ಗ್ರಾಂ ಸೋಡಾದಿಂದ 44 ಗ್ರಾಂ ಅನಿಲ ಸಿಗುತ್ತದೆ. ಹಿಟ್ಟಿನಲ್ಲಿ ಉಳಿಯುವುದು ನೀರು ಮತ್ತು ಸೋಡಿಯಂ ಲ್ಯಾಕ್ಟೇಟ್ ಎಂಬ ಲವಣ. ಬಾಯಿಗೆ ಅದರಿಂದ ತೊಂದರೆಯಿಲ್ಲ. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾದಲ್ಲಿ ಹೀಗೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಅನಿಲವಿದೆ! ಅಡುಗೆಗೆ ಚಿಟಿಕೆಯೇ ಸಾಕೆನ್ನುವುದು ಇದಕ್ಕೇ.

ಎರಡನೆಯ ದಾರಿ ಬಿಸಿ. ಹುಳಿ ಸಿಗದ ಸೋಡಾ ಕಾವಿಗೆ ಒಡೆಯುತ್ತದೆ, ಆದರೆ ಬಿಡುವುದು ಅರ್ಧದಷ್ಟೇ ಅನಿಲ. ಉಳಿದರ್ಧ ಸೋಡಿಯಂ ಕಾರ್ಬೊನೇಟ್ ಆಗಿ ತಿಂಡಿಯಲ್ಲೇ ಕೂರುತ್ತದೆ. ಸೋಡಿಯಂ ಕಾರ್ಬೊನೇಟ್ ಎಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ. ಕೆಲವು ಬೋಂಡ, ಕೇಕ್‌ಗಳು ಸಾಬೂನು ಕಚ್ಚಿದಂತೆ ಅನ್ನಿಸುವುದು ಇದರಿಂದಲೇ. ಹಿಟ್ಟಿಗೆ ಅರಿಶಿನ ಹಾಕಿದ್ದರೆ ತಪ್ಪು ಕಣ್ಣಿಗೂ ಬೀಳುತ್ತದೆ: ಸೋಡಾ ಸರಿಯಾಗಿ ಕರಗದೆ ಉಳಿದಲ್ಲೆಲ್ಲ ಕೆಂಪು ಚುಕ್ಕೆಗಳೇಳುತ್ತವೆ, ಏಕೆಂದರೆ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ.

ಬೇಕಿಂಗ್ ಪೌಡರ್ ಬೇರೆಯೇ ವಸ್ತು. ಅದರಲ್ಲಿ ಸೋಡಾದ ಜೊತೆ ಒಣ ಆಮ್ಲವನ್ನೂ ಪಿಷ್ಟವನ್ನೂ ಬೆರೆಸಿರುತ್ತಾರೆ. ಹಾಗಾಗಿ ಅದಕ್ಕೆ ಮೊಸರಿನ ಹಂಗಿಲ್ಲ. ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಿದರೆ ತಿಂಡಿ ಕೆಡುತ್ತದೆ.

ಬೇಳೆ ಬೇಗ ಬೇಯಲಿ, ಸೊಪ್ಪು ಹಸಿರಾಗಿರಲಿ ಎಂದು ಸೋಡಾ ಹಾಕುವ ರೂಢಿಯನ್ನು ಬಿಡುವುದೇ ಒಳ್ಳೆಯದು. ಬೇಳೆ ಮೆತ್ತಗಾಗುವುದು ನಿಜ, ಆದರೆ ಕ್ಷಾರದಲ್ಲಿ ಬಿ1 ಜೀವಸತ್ವ ನಾಶವಾಗುತ್ತದೆ. ಸೋಡಿಯಂ ಲೆಕ್ಕವೂ ಇದೆ. ದೊಡ್ಡವರಿಗೆ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಟೀ ಚಮಚ ಸೋಡಾದಲ್ಲೇ 1.3 ಗ್ರಾಂಗೂ ಹೆಚ್ಚಿದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಇದು ನೆನಪಿರಲೇಬೇಕು.

ಸೋಡಾ ಹಾಕುವುದಾದರೆ ಹುಳಿ ಮೊಸರೋ ನಿಂಬೆರಸವೋ ಜೊತೆಗಿರಲಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿದು ಹಬೆ ಬಂದ ಮೇಲೆಯೇ ಹಿಟ್ಟಿಗೆ ಸೋಡಾ ಬೆರೆಸಿ, ತಡಮಾಡದೆ ತಟ್ಟೆಗೆ ಹೊಯ್ಯಿರಿ.