ಸಂಖ್ಯೆ ಗೊತ್ತಿಲ್ಲದವರಿಗೆ ದಾಖಲೆಯೂ ಇಲ್ಲವೇ?

ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ನಮ್ಮ ನ್ಯಾಯಪದ್ಧತಿಯ ಮೂಲತತ್ತ್ವಗಳಲ್ಲಿ ಒಂದು. ವಿಚಾರಣೆ ನಡೆಯುವಾಗ ಯಾರು ಬೇಕಾದರೂ ಒಳಹೋಗಿ, ಹಿಂದಿನ ಬೆಂಚಿನ ಮೇಲೆ ಕುಳಿತು ಆಲಿಸಬಹುದು. ಆದರೆ ತೀರ್ಪು ಹೊರಬಿದ್ದು, ಕಡತವನ್ನು ದಾರದಿಂದ ಕಟ್ಟಿ ದಾಖಲೆ ಕೊಠಡಿಗೆ ಕಳುಹಿಸಿದ ಮೇಲೆ ಆ ಬಾಗಿಲು ಎಷ್ಟರಮಟ್ಟಿಗೆ ತೆರೆದಿರುತ್ತದೆ? ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅಷ್ಟೇನೂ ದೊಡ್ಡ ಪ್ರಶ್ನೆಯಾಗಿ ತೋರದಿರಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕುಗಳಲ್ಲಿ ಇದು ಒಂದೆರಡು ಎಕರೆ ಜಮೀನಿನ, ಅಂದರೆ ಒಂದು ಕುಟುಂಬದ ಅನ್ನದ ಪ್ರಶ್ನೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಜಗಳೂರಿನ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳಿದ್ದಾಳೆ. ಪಿತ್ರಾರ್ಜಿತ ಆಸ್ತಿಯಲ್ಲಿ ತನಗೂ ಪಾಲು ಬರಬೇಕೆಂದು ಆಕೆ ಕೇಳಿದಾಗ ಅಣ್ಣಂದಿರು, ‘ಪಾಲು 1988ರಲ್ಲೇ ಕೋರ್ಟಿನಲ್ಲಿ ಆಗಿ ಹೋಗಿದೆ’ ಎನ್ನುತ್ತಾರೆ. ಈ ಮಾತು ನಿಜವೇ ಆಗಿದ್ದರೆ ಆಕೆಯ ಹಕ್ಕು ಅಲ್ಲಿಗೆ ಮುಗಿಯಬಹುದು. ಸುಳ್ಳಾಗಿದ್ದರೆ, ಅಥವಾ ಅರ್ಧಸತ್ಯವಾಗಿದ್ದರೆ, ಆಕೆಗೆ ಸಮಾನ ಪಾಲು ದೊರೆಯಬಹುದು.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1994ರಲ್ಲಿ ಕರ್ನಾಟಕವು ತನ್ನದೇ ತಿದ್ದುಪಡಿಯ ಮೂಲಕ ಅವಿವಾಹಿತ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಹಭಾಗಿತ್ವ ನೀಡಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯು ವಿವಾಹಿತ, ಅವಿವಾಹಿತ ಎಂಬ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿಹೋದ ವಿಭಾಗವನ್ನು ಅದು ಮುಟ್ಟುವುದಿಲ್ಲ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸ್ಪಷ್ಟಪಡಿಸಿತು. ಪ್ರಾಥಮಿಕ ಡಿಕ್ರಿ ಮಾತ್ರ ಆಗಿ ಅಂತಿಮ ಡಿಕ್ರಿಯ ನಡಾವಳಿ ಬಾಕಿಯಿದ್ದರೆ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದೂ ಹೇಳಿತು. ಹೀಗಾಗಿ ‘ಕೋರ್ಟಿನಲ್ಲಿ ಆಗಿದೆ’ ಎಂಬ ಮಾತು ಸಾಲದು. ಆಗಿರುವುದು ಏನು, ಯಾವ ದಿನ, ಪ್ರಾಥಮಿಕ ಡಿಕ್ರಿಯೋ ಅಂತಿಮ ಡಿಕ್ರಿಯೋ ಎಂಬುದನ್ನು ಕಾಗದವೇ ಹೇಳಬೇಕು. ಆ ಕಾಗದ ದಾಖಲೆ ಕೊಠಡಿಯಲ್ಲಿದೆ.

ಯಾವ ಊರಿನ ದಾಖಲೆ ಕೊಠಡಿಯಲ್ಲಿ ಎಂಬುದೇ ಮೊದಲ ತೊಡಕು. ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿಯಂತೂ ಹೊನ್ನಾಳಿಯ ಒಂದು ಹೋಬಳಿಯಾಗಿದ್ದು, 2018ರಲ್ಲಷ್ಟೇ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿತು. ಆದ್ದರಿಂದ ನ್ಯಾಮತಿಯ ಹಳೆಯ ವ್ಯಾಜ್ಯವನ್ನು ಹೊನ್ನಾಳಿಯಲ್ಲಿ ಹುಡುಕಬೇಕು. ಎಂಬತ್ತರ ದಶಕದಲ್ಲಿ ಚನ್ನಗಿರಿಯ ಮುನ್ಸಿಫ್ ನ್ಯಾಯಾಲಯ ತೀರ್ಮಾನಿಸಿದ ದಾವೆಯೊಂದು ಮೇಲ್ಮನವಿಗೆ ಹೋಗಿದ್ದರೆ ಆ ಕಡತವನ್ನು ಶಿವಮೊಗ್ಗದಲ್ಲಿ ವಿಚಾರಿಸಬೇಕಾಗಬಹುದು; ಜಗಳೂರಿನದಾದರೆ ಚಿತ್ರದುರ್ಗದಲ್ಲಿ. ಜಿಲ್ಲೆಯ ಗಡಿಯನ್ನು ಸರ್ಕಾರ ಒಂದು ಅಧಿಸೂಚನೆಯಿಂದ ಬದಲಿಸಬಲ್ಲದು. ಕಪಾಟುಗಳಲ್ಲಿರುವ ಕಟ್ಟುಗಳು ಅಧಿಸೂಚನೆಯನ್ನು ಓದಿ ತಾವಾಗಿ ಎದ್ದು ಬರುವುದಿಲ್ಲ.

ಎರಡನೆಯ ತೊಡಕು ಸಂಖ್ಯೆಯದು. ನಕಲು ಶಾಖೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ನಂಬರ್ ಎಷ್ಟು?’ ಎಂಬುದು. ದಾವೆಯ ಸಂಖ್ಯೆ ಮತ್ತು ವರ್ಷ ತಿಳಿದಿದ್ದರೆ ಕಡತ ಹುಡುಕುವುದು ಕಷ್ಟವಲ್ಲ. ತಿಳಿಯದಿದ್ದರೆ ಅರ್ಜಿ ಒಂದಡಿಯೂ ಮುಂದೆ ಹೋಗುವುದಿಲ್ಲ. ಸಿಬ್ಬಂದಿಯನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಇರುವ ಬೆರಳೆಣಿಕೆಯ ಜನ ನಿತ್ಯದ ಕಲಾಪದ ಕೆಲಸವನ್ನು ಬಿಟ್ಟು, ಹತ್ತು ವರ್ಷಗಳ ವಹಿಗಳನ್ನು ಒಬ್ಬರಿಗಾಗಿ ಮಗುಚಿ ಹಾಕುತ್ತಾ ಕೂರಲಾರರು.

ವಿಪರ್ಯಾಸವೆಂದರೆ, ಹುಡುಕಲು ಬೇಕಾದ ಸಾಧನ ನಮ್ಮಲ್ಲಿ ಮೊದಲಿನಿಂದಲೂ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೇ ಆದೇಶದ 2ನೇ ನಿಯಮದ ಪ್ರಕಾರ ಪ್ರತಿಯೊಂದು ನ್ಯಾಯಾಲಯವೂ ದಾವೆಗಳ ವಹಿಯೊಂದನ್ನು ಇಡಬೇಕು. ಪ್ರತಿವರ್ಷವೂ ದಾಖಲಾದ ಕ್ರಮದಲ್ಲೇ ದಾವೆಗಳಿಗೆ ಸಂಖ್ಯೆ ಕೊಡಬೇಕು. ಪಕ್ಷಗಾರರ ಹೆಸರು, ವಾಸಸ್ಥಳ, ದಾವೆಯ ಸ್ವರೂಪ, ಕೊನೆಗೆ ಅದು ಏನಾಯಿತು ಎಂಬುದೆಲ್ಲ ಆ ವಹಿಯಲ್ಲಿ ಬರುತ್ತದೆ. ಅಂದರೆ ನೂರು ವರ್ಷಗಳಿಗೂ ಮೀರಿದ ಸೂಚಿಯೊಂದು ಕೈಬರಹದಲ್ಲಿ ಸಿದ್ಧವಾಗಿಯೇ ಇದೆ. ಅದು ಸಾರ್ವಜನಿಕರ ಕೈಗೆ ಎಟುಕುವ ರೂಪದಲ್ಲಿಲ್ಲ, ಅಷ್ಟೆ.

ಗಣಕೀಕರಣವಾಗಿದೆಯಲ್ಲ ಎಂದು ಓದುಗರು ಕೇಳಬಹುದು. ನಿಜ, 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆ ದೇಶದ ನ್ಯಾಯಾಂಗದಲ್ಲಿ ಆಗಿರುವ ಒಳ್ಳೆಯ ಕೆಲಸಗಳಲ್ಲೊಂದು. ಪ್ರತಿಯೊಂದು ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದೆ. ಅದರಿಂದ ಮುಂದಿನ ದಿನಾಂಕ, ಆದೇಶ, ತೀರ್ಪುಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಪಕ್ಷಗಾರರ ಹೆಸರಿನಿಂದಲೂ ಹುಡುಕಬಹುದು. ಆದರೆ ಹಾಗೆ ಹುಡುಕಲು ವರ್ಷ ಗೊತ್ತಿರಬೇಕು, ಮತ್ತು ಹೆಸರನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದಂತೆಯೇ ಬರೆಯಬೇಕು. ಹನುಮಂತಪ್ಪನವರ ಹೆಸರಿನಲ್ಲಿ ಒಂದು ‘ಎಚ್’ ಹೆಚ್ಚುಕಡಿಮೆಯಾದರೆ ಅವರು ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗಣಕಯಂತ್ರ ಬರುವುದಕ್ಕೆ ಮುನ್ನವೇ ವಿಲೇವಾರಿಯಾದ ಪ್ರಕರಣಗಳು ಬಹುಪಾಲು ಅಲ್ಲಿಲ್ಲ. ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ಬೇಕಾದದ್ದು ಆ ಕಾಲದ್ದೇ.

ಮೂರನೆಯ ತೊಡಕು ಹಕ್ಕಿನದು. ನ್ಯಾಯಾಲಯದ ದಾಖಲೆಗಳು ಸಾರ್ವಜನಿಕ ದಾಖಲೆಗಳೆಂದು ಹಿಂದಿನ ಸಾಕ್ಷ್ಯ ಕಾಯ್ದೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಆದರೆ ದೃಢೀಕೃತ ನಕಲು ಕೊಡಬೇಕಾದುದು ಆ ದಾಖಲೆಯನ್ನು ಪರಿಶೀಲಿಸುವ ಹಕ್ಕುಳ್ಳವರಿಗೆ. ಪಕ್ಷಗಾರರಿಗೆ ಆ ಹಕ್ಕು ಸಹಜವಾಗಿಯೇ ಉಂಟು. ಹೊರಗಿನವರಾದರೆ ತಮಗೆ ನಕಲು ಏಕೆ ಬೇಕೆಂದು ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. 1988ರ ದಾವೆಯಲ್ಲಿ ಮಗಳನ್ನು ಯಾರೂ ಪಕ್ಷಗಾರಳನ್ನಾಗಿ ಮಾಡಿರುವುದಿಲ್ಲ. ಹಾಗಾಗಿ ಆ ಡಿಕ್ರಿಯಿಂದ ಎಲ್ಲರಿಗಿಂತ ಹೆಚ್ಚು ಬಾಧಿತಳಾಗುವವಳೇ ಆ ಕಡತದ ಮಟ್ಟಿಗೆ ಹೊರಗಿನವಳು.

ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇಲ್ಲಿ ನೇರವಾಗಿ ಒದಗುವುದಿಲ್ಲ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ನೀಡಿದ ತೀರ್ಪಿನಂತೆ, ನ್ಯಾಯಿಕ ಕಡತಗಳ ನಕಲನ್ನು ಆಯಾ ಹೈಕೋರ್ಟಿನ ನಿಯಮಗಳ ಪ್ರಕಾರವೇ ಪಡೆಯಬೇಕು. ತೀರ್ಪಿನ ತರ್ಕ ಒಪ್ಪುವಂಥದ್ದೇ; ಒಂದೇ ಕಾಗದಕ್ಕೆ ಎರಡು ದಾರಿಗಳೇಕೆ? ಆದರೆ ಒಂದೇ ದಾರಿ ಎಂದಾದ ಮೇಲೆ ಅದು ನಡೆಯಲು ಯೋಗ್ಯವಾಗಿರಬೇಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು, ನಿರಾಕರಿಸಿದರೆ ಕಾರಣಸಹಿತ ಉತ್ತರ, ಮೇಲ್ಮನವಿಯ ಅವಕಾಶ ಎಲ್ಲವೂ ಸ್ಪಷ್ಟ. ಹಳ್ಳಿಯಿಂದ ಬಂದವರಿಗೆ ನಕಲು ಅರ್ಜಿಯ ವಿಷಯದಲ್ಲೂ ಅಷ್ಟೇ ಸ್ಪಷ್ಟತೆ ಕಾಣಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ವಹಿವಾಟಿನ ವೆಚ್ಚದ ಪರಿಕಲ್ಪನೆ ನೆನಪಾಗುತ್ತದೆ. ನಕಲಿನ ಶುಲ್ಕ ಅಲ್ಪ. ಆದರೆ ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಚನ್ನಗಿರಿಗೆ ಬಸ್ಸು ಹಿಡಿದು ಬರುವ ಖರ್ಚು, ಪ್ರತಿ ಸಲ ಕಳೆದುಕೊಳ್ಳುವ ಒಂದು ದಿನದ ಕೂಲಿ, ‘ಮುಂದಿನ ವಾರ ಬನ್ನಿ’ ಎಂಬ ಮಾತಿನ ಬೆಲೆ ಇವು ಯಾವ ಶುಲ್ಕಪಟ್ಟಿಯಲ್ಲೂ ಇಲ್ಲ. ಈ ಗುಪ್ತ ವೆಚ್ಚವನ್ನು ಭರಿಸಲಾಗದವರು ಮಧ್ಯವರ್ತಿಗಳ ಮೊರೆ ಹೋಗುತ್ತಾರೆ, ಇಲ್ಲವೇ ಹಕ್ಕನ್ನೇ ಕೈಬಿಡುತ್ತಾರೆ. ಜಮೀನಿನ ದಲ್ಲಾಳಿಗೆ ದಾವೆಯ ಸಂಖ್ಯೆ ಗೊತ್ತಿರುತ್ತದೆ, ಮನೆಮಗಳಿಗೆ ಗೊತ್ತಿರುವುದಿಲ್ಲ.

ಸದ್ಯದ ಸ್ಥಿತಿಯಲ್ಲೂ ಕೆಲವು ದಾರಿಗಳಿವೆ. ಅವು ಹೆಚ್ಚು ಜನರಿಗೆ ತಿಳಿದಿರಬೇಕು. ಡಿಕ್ರಿಯ ಆಧಾರದ ಮೇಲೆ ಖಾತೆ ಬದಲಾಗಿದ್ದರೆ ಪಹಣಿಯಲ್ಲಿ ಮ್ಯುಟೇಷನ್ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ ದಾಖಲೆಯ ನಕಲು ಪಡೆದರೆ ಅದರಲ್ಲಿ ದಾವೆಯ ಸಂಖ್ಯೆ, ವರ್ಷ ಸಿಗುವ ಸಂಭವ ಹೆಚ್ಚು. ಜನರು ಎಸಿ ಕೋರ್ಟ್, ತಹಶೀಲ್ದಾರ್ ಕೋರ್ಟ್ ಎನ್ನುವವು ಕಂದಾಯ ಇಲಾಖೆಯವು. ಅವುಗಳ ಆದೇಶಗಳನ್ನೂ ಭೂನ್ಯಾಯ ಮಂಡಳಿಯ ಆದೇಶಗಳನ್ನೂ ಸಿವಿಲ್ ನ್ಯಾಯಾಲಯದಲ್ಲಿ ಹುಡುಕಿ ದಣಿಯಬೇಕಿಲ್ಲ. ಮೇಲ್ಮನವಿ ಹೂಡುವವರು ನಕಲಿಗೆ ಕೂಡಲೇ ಅರ್ಜಿ ಹಾಕಬೇಕು. ನಕಲು ಸಿದ್ಧವಾಗಲು ಹಿಡಿದ ಕಾಲವನ್ನು 1963ರ ಪರಿಮಿತಿ ಕಾಯ್ದೆಯ 12ನೇ ಕಲಮಿನಂತೆ ಗಡುವಿನಿಂದ ಕಳೆಯಲಾಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯವೆಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿಯೇ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ.

ಆದರೂ ಇವೆಲ್ಲ ಅಡ್ಡದಾರಿಗಳೇ. ರಾಜಮಾರ್ಗವನ್ನು ನಿರ್ಮಿಸಲು ಮೂರು ಕೆಲಸಗಳಾಗಬೇಕು. ಮೊದಲನೆಯದು, ತಾಲ್ಲೂಕು ನ್ಯಾಯಾಲಯಗಳ ಹಳೆಯ ದಾವೆ ವಹಿಗಳನ್ನು ಸ್ಕ್ಯಾನ್ ಮಾಡಿ, ಊರು, ಹೆಸರು, ವರ್ಷಗಳ ಪ್ರಕಾರ ಕನ್ನಡದಲ್ಲಿಯೇ ಹುಡುಕಬಲ್ಲ ಸೂಚಿಯಾಗಿ ಪ್ರಕಟಿಸುವುದು. ಇಡೀ ಕಡತಗಳಿಗಿಂತ ಮುಂಚೆ ವಹಿಗಳನ್ನು ಕೈಗೆತ್ತಿಕೊಂಡರೆ ಕೆಲಸವೂ ಹಗುರ, ಫಲವೂ ಬೇಗ. ಎರಡನೆಯದು, ಯಾವ ವರ್ಷ ಯಾವ ಹೋಬಳಿ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿತ್ತು, ಅಲ್ಲಿನ ಕಡತಗಳು ಈಗ ಎಲ್ಲಿವೆ ಎಂಬ ಒಂದು ಪುಟದ ಪಟ್ಟಿಯನ್ನು ಪ್ರತಿ ನ್ಯಾಯಾಲಯದಲ್ಲೂ ತೂಗುಹಾಕುವುದು. ಮೂರನೆಯದು, ಕನ್ನಡದಲ್ಲಿ ಅರ್ಜಿಯ ನಮೂನೆ, ಶುಲ್ಕದ ಫಲಕ, ಅರ್ಜಿ ಕೊಟ್ಟ ದಿನವೇ ನಕಲು ದೊರೆಯುವ ದಿನಾಂಕ ನಮೂದಿಸಿದ ರಸೀದಿ.

ಹಣದ ಕೊರತೆಯ ನೆಪ ಈಗ ಸಲ್ಲದು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ನಿಗದಿಯಾಗಿದ್ದು, ಅದರಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ಹಣ ದಾಖಲೆಗಳ ಸ್ಕ್ಯಾನಿಂಗ್ ಮತ್ತು ಡಿಜಿಟಲೀಕರಣಕ್ಕೇ ಮೀಸಲು. ಅನುಭವದ ಕೊರತೆಯೂ ಇಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದು, ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲೇ ರೈತರ ಕೈಗಿತ್ತ ರಾಜ್ಯ ನಮ್ಮದು.

ಖಾಸಗಿತನದ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತು, ಮಕ್ಕಳ ಪ್ರಕರಣಗಳು, ದಾಂಪತ್ಯದ ವ್ಯಾಜ್ಯಗಳು ಇವಕ್ಕೆ ಕಾನೂನು ಕೊಟ್ಟಿರುವ ರಕ್ಷಣೆ ಹಾಗೆಯೇ ಉಳಿಯಬೇಕು; ಅವು ಸೂಚಿಯಿಂದ ಹೊರಗಿರಲಿ. ಜಮೀನಿನ ದಾವೆಯ ಸಂಖ್ಯೆ, ಪಕ್ಷಗಾರರ ಹೆಸರು, ವಿಲೇವಾರಿಯ ದಿನಾಂಕ ಗುಟ್ಟಿನ ಸಂಗತಿಗಳಲ್ಲ. ಸ್ಥಿರಾಸ್ತಿಯ ನೋಂದಣಿ ಸೂಚಿಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಕ್ರಯಪತ್ರಕ್ಕೆ ಒಪ್ಪುವ ಮಾತು ಡಿಕ್ರಿಗೆ ಏಕೆ ಒಪ್ಪಬಾರದು?

ಕಾಲವೂ ನಮ್ಮ ಪರವಾಗಿಲ್ಲ. ಹಳೆಯ ಕಾಗದ ಮಾಸುತ್ತದೆ, ಗೆದ್ದಲು ಹಿಡಿಯುತ್ತದೆ. ಕಡತದ ಕೆಲವು ಭಾಗಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸಲು 1917ರಿಂದಲೂ ಕಾನೂನಿನ ಅವಕಾಶವಿದೆ. ಇಂತಹ ದಾವೆ ನಡೆದಿತ್ತೆಂದು ನೆನಪಿಟ್ಟುಕೊಂಡಿರುವ ಹಿರಿಯರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ನೆನಪು ಅಳಿಯುವ ಮುನ್ನ ವಹಿಗಳು ಕಪಾಟಿನಿಂದ ಹೊರಬರಬೇಕು. ತನ್ನ ಪಾಲಿನ ಬಗ್ಗೆ ನ್ಯಾಯಾಲಯ ಏನು ಹೇಳಿತು ಎಂದು ತಿಳಿಯಲು ಹೆಣ್ಣುಮಗಳೊಬ್ಬಳು ಅಣ್ಣಂದಿರ ಬಾಯಿಮಾತನ್ನೇ ನೆಚ್ಚಬೇಕಾದ ಸ್ಥಿತಿ ಇರುವವರೆಗೆ, 2005ರ ಕಾಯ್ದೆ ಆಕೆಗೆ ಕೊಟ್ಟ ಹಕ್ಕು ಅರ್ಧದಷ್ಟೇ.