ಬೈಗುಳದಲ್ಲಿ ಉಳಿದ ಕತ್ತೆ

‘ಕತ್ತೆ ವಯಸ್ಸಾಯ್ತು, ಬುದ್ಧಿ ಮಾತ್ರ ಬರಲಿಲ್ಲ’ ಎಂದು ಅಪ್ಪ ಗದರಿದರೆ ಅದು ಬೈಗುಳ. ಅದೇ ಹುಡುಗನನ್ನು ಅಜ್ಜಿ ‘ಬಾರೋ ಕತ್ತೆ, ಎರಡು ತುತ್ತು ತಿಂದು ಹೋಗು’ ಎಂದು ಕರೆದರೆ ಅದು ಮುದ್ದು. ಧಾರವಾಡದ ಕಡೆ ‘ಕತ್ತಿ’ ಆಗುವ ಈ ಪದ ಕನ್ನಡಿಗರ ನಾಲಿಗೆ ಬಿಟ್ಟು ಹೋಗಿಲ್ಲ. ಪ್ರಾಣಿ ಮಾತ್ರ ಬೀದಿ ಬಿಟ್ಟು ಹೋಗುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಸಿಕ್ಕಿದ್ದು ಸುಮಾರು 1.2 ಲಕ್ಷ. ಕರ್ನಾಟಕದ ಪಾಲು ಅದರಲ್ಲಿ ಹೆಚ್ಚುಕಡಿಮೆ 9 ಸಾವಿರ.

ಪದವೇನೋ ಬಹಳ ಹಳೆಯದು. ಹಳಗನ್ನಡದಲ್ಲಿ ಇದು ‘ಕೞ್ತೆ’. ತಮಿಳಿನ ‘ಕಳುದೈ’ ಇದರ ಒಡಹುಟ್ಟು. ೞಕಾರ ರಕಾರವಾಗಿ, ಅದೂ ಮುಂದಿನ ಅಕ್ಷರದಲ್ಲಿ ಕರಗಿ ‘ಕತ್ತೆ’ ಉಳಿಯಿತು. ‘ಗಾರ್ದಭ’, ‘ಖರ’ ಸಂಸ್ಕೃತದಿಂದ ಬಂದವು. ಪುಸ್ತಕದ ಮಾತಾಗಿಯೇ ಉಳಿದವು. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ, ಬಹುತೇಕ ಸಂತಾನವಿಲ್ಲದ ಪ್ರಾಣಿ ಹೇಸರಗತ್ತೆ. ಕತ್ತೆಕಿರುಬಕ್ಕೂ ಕತ್ತೆಗೂ ಹೆಸರಿನಾಚೆ ನಂಟಿಲ್ಲ.

ಗಾದೆಗಳಿಗೆ ಬಂದರೆ ಕತ್ತೆಯ ಸಂಸಾರವೇ ಅಲ್ಲಿದೆ. ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎಂಬುದು ಅದರ ಅರಿವನ್ನು ಹೀಗಳೆಯುತ್ತದೆ. ‘ಕಾರ್ಯವಾಸಿ ಕತ್ತೆ ಕಾಲು ಹಿಡಿ’ ಎನ್ನುವಾಗ ಅದು ಕೀಳಿನ ಕೊನೆಯ ಮೆಟ್ಟಿಲು. ಯಾರದೋ ಸೊತ್ತನ್ನು ಯಾರಿಗೋ ದಾನ ಮಾಡುವವರನ್ನು ಕಂಡರೆ ‘ಅಗಸರ ಕತ್ತೆ ಕೊಂಡುಹೋಗಿ ಡೊಂಬರಿಗೆ ತ್ಯಾಗ ಹಾಕಿದ ಹಾಗೆ’ ಎನ್ನುತ್ತಾರೆ. ತಪ್ಪಿತಸ್ಥನ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುವುದು ಹಿಂದಿನ ಶಿಕ್ಷೆ. ಶಿಲಾಹಾರರ ಕಾಲದಲ್ಲಿ ಕೊಂಕಣ ಸೀಮೆಯಲ್ಲಿ ನೆಟ್ಟ ದಾನಶಾಸನಗಳ ಕಲ್ಲಿನಲ್ಲೂ, ದತ್ತಿಯನ್ನು ಕೆಡಿಸಿದವರಿಗೆ ಶಾಪವಾಗಿ, ಕತ್ತೆಯನ್ನು ಕೆತ್ತಿದ್ದಾರೆ. ಅದೇ ಕತ್ತೆಗೆ ಮಳೆ ಬಾರದ ವರ್ಷ ಊರವರೆಲ್ಲ ಸೇರಿ ಬಾಸಿಂಗ ಕಟ್ಟಿ ಮದುವೆ ಮಾಡುವುದೂ ಉಂಟು.

ಇಷ್ಟು ತಾತ್ಸಾರ ಎಲ್ಲಿಂದ ಬಂತು? ಕತ್ತೆ ಸಾಕಿದವರು ಯಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಮೈಲಿಗೆ ಬಟ್ಟೆಯ ಗಂಟನ್ನು ಹಳ್ಳಕ್ಕೆ ಸಾಗಿಸಿದ ಮಡಿವಾಳರು, ಕೆರೆಯ ಮಣ್ಣು ತಂದ ಕುಂಬಾರರು, ಕಲ್ಲು ಹೊತ್ತ ವಡ್ಡರು. ಕುದುರೆ ಅರಮನೆಯ ಸೊತ್ತಾಯಿತು, ಕತ್ತೆ ಬಡವರ ಮನೆಯ ಹಿತ್ತಲಲ್ಲೇ ಉಳಿಯಿತು. ಮೈಮುರಿದು ದುಡಿಯುವ ಜನರನ್ನು ಕೀಳಾಗಿ ಕಂಡ ಸಮಾಜ ಅವರ ಪ್ರಾಣಿಯನ್ನೂ ಹಾಗೆಯೇ ಕಂಡಿತು. ‘ಕತ್ತೆ ಚಾಕರಿ’ ಎಂಬ ಮಾತಿನಲ್ಲಷ್ಟೇ ಅದರ ದುಡಿಮೆಗೆ ಸಾಕ್ಷಿ ಇದೆ.

ದಡ್ಡತನದ ಆರೋಪವಂತೂ ನಿಲ್ಲುವಂಥದ್ದಲ್ಲ. ಸುಮಾರು 7,000 ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಲ್ಲಿ ಮನುಷ್ಯ ಪಳಗಿಸಿದ ಈ ಪ್ರಾಣಿ ಒಣ ನೆಲದ್ದು. ಬೆದರಿದ ಕುದುರೆ ಓಡುತ್ತದೆ. ಕತ್ತೆ ನಿಂತು ನೋಡುತ್ತದೆ. ಅಪಾಯವಿಲ್ಲವೆಂದು ಖಾತ್ರಿಯಾಗುವ ತನಕ ಎಷ್ಟು ಎಳೆದರೂ ಹೆಜ್ಜೆ ಕೀಳುವುದಿಲ್ಲ. ಜನ ಮೊಂಡುತನ ಎನ್ನುವುದು ಈ ಎಚ್ಚರಿಕೆಗೆ. ‘ಕತ್ತೆ ರಾಗ’ ಎಂದು ನಗುವ ಆ ಅರಚಾಟದಲ್ಲೂ ವಿಶೇಷವಿದೆ: ಉಸಿರು ಎಳೆದುಕೊಳ್ಳುವಾಗ ಒಂದು ಸ್ವರ, ಬಿಡುವಾಗ ಇನ್ನೊಂದು. ಬಯಲಲ್ಲಿ ಚದುರಿ ಮೇಯುವ ಕತ್ತೆಗಳು ದೂರದಿಂದಲೇ ಒಂದನ್ನೊಂದು ಕೂಗಿ ಮಾತಾಡಿಸುವ ದನಿ ಅದು.

ಬೈಗುಳಕ್ಕೆ ಸಿಗದ ಒಂದು ಬಳಕೆ ‘ಕತ್ತೆ ಹಾಲು’. ತಾಯಿ ಕತ್ತೆಯನ್ನೂ ಮರಿಯನ್ನೂ ಹೊಡೆದುಕೊಂಡು ಬೀದಿಯಲ್ಲಿ ಕೂಗುತ್ತ ಬರುವವರು, ಮನೆ ಬಾಗಿಲಲ್ಲೇ ಕೆಚ್ಚಲು ಒರೆಸಿ ಒಂದು ಒಳಲೆಯಷ್ಟು ಹಿಂಡಿ ಕೊಡುತ್ತಾರೆ. ಮಗುವಿನ ಕೆಮ್ಮು ಕಫಕ್ಕೆ ಅದು ರಾಮಬಾಣ ಎಂಬ ನಂಬಿಕೆ ಹಳ್ಳಿಯಲ್ಲಷ್ಟೇ ಅಲ್ಲ, ಬೆಂಗಳೂರಿನ ಬಡಾವಣೆಗಳಲ್ಲೂ ಇದೆ. ಕೊಬ್ಬು ಕಡಿಮೆ, ಲ್ಯಾಕ್ಟೋಸ್ ಹೆಚ್ಚು ಇರುವ ಈ ಹಾಲು ಹಸುವಿನ ಹಾಲಿಗಿಂತ ತಾಯಿಯ ಹಾಲಿಗೆ ಹತ್ತಿರ ಎಂಬುದು ನಿಜ. ಆದರೆ ಕಾಯಿಸದ ಹಾಲಿನಿಂದ ಸೋಂಕು ತಗಲಬಹುದು. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂಬ ವೈದ್ಯರ ಮಾತನ್ನು ಮನೆಯ ಹಿರಿಯರು ಕೇಳಬೇಕು.

ಟೆಂಪೊ, ಟಂಟಂ ಬಂದ ಮೇಲೆ ಕತ್ತೆಯ ಹೊರೆ ಇಳಿಯಿತು. ಜತೆಗೆ ಸಾಕುವವರ ಆಸಕ್ತಿಯೂ ಇಳಿಯಿತು. ಚೀನಾದಲ್ಲಿ ‘ಎಜಿಯಾವೊ’ ಎಂಬ ಔಷಧಕ್ಕೆ ಕತ್ತೆಯ ಚರ್ಮ ಬೇಕು. ಆ ಬೇಡಿಕೆಗೆ ಹೆದರಿದ ಆಫ್ರಿಕನ್ ಒಕ್ಕೂಟ 2024ರ ಫೆಬ್ರವರಿಯಲ್ಲಿ, ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ನಿಷೇಧಿಸಿತು. ಅದೇ ತಿಂಗಳು ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕತ್ತೆಯನ್ನೂ ಸೇರಿಸಿತು. ಸಾಕಣೆ ಘಟಕ ಕಟ್ಟುವವರಿಗೆ ಬಂಡವಾಳದ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನ ಉಂಟು. ಹೊಸದಾಗಿ ಫಾರ್ಮ್ ಮಾಡುವವರ ಜತೆಗೆ, ತಲೆಮಾರುಗಳಿಂದ ಕತ್ತೆ ಸಾಕಿ ಬಂದ ಮಡಿವಾಳರ, ಕುಂಬಾರರ ಮನೆಗಳಿಗೂ ಪಶುಸಂಗೋಪನಾ ಇಲಾಖೆ ಈ ಸುದ್ದಿ ಮುಟ್ಟಿಸಬೇಕು.