ವಂಶವೃಕ್ಷದಲ್ಲಿ ದೊಡ್ಡತ್ತಿ ಎಲ್ಲಿ?

ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಮನೆಯಲ್ಲಿರುವವರಿಗೆ ಒಂದು ನೌಕರಿಯಂತೂ ಖಾತ್ರಿ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ನಾಡಕಚೇರಿಗೆ ಓಡಾಡುವುದು. ‘ಹೆಂಗೂ ಮನ್ಯಾಗ ಅದೀಯಲ್ಲ’ ಅನ್ನುವುದೇ ನೇಮಕಾತಿ ಆದೇಶ! ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದ ಹೊಲಕ್ಕೆ ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು ಅಂದಾಗ ಆ ಕೆಲಸವೂ ನನ್ನ ಪಾಲಿಗೇ ಬಂತು.

ಅರ್ಜಿಗೆ ಅಜ್ಜನ ಹೆಂಡತಿ, ಮಕ್ಕಳ ಹೆಸರು ಸಾಕಿತ್ತು. ಹೇಗೂ ಶುರು ಮಾಡಿದ್ದೇನೆ, ಇನ್ನೂ ಮೇಲಕ್ಕೆ ಹತ್ತೋಣ ಎಂದು ನೂರು ಪುಟದ ನೋಟ್‌ಬುಕ್ ತಂದೆ. ಟ್ರಂಕಿನ ಕಾಗದ ತೆಗೆದು ಕೂತರೆ ಒಂದು ತಾರೀಖೂ ನಂಬುವಂತಿಲ್ಲ. ಶಾಲೆ ಶುರುವಾಗುವ ಜೂನ್ 1ನ್ನೇ ಮಾಸ್ತರರು ಅಪ್ಪನಿಗೂ ಕಾಕಾನಿಗೂ ಹುಟ್ಟಿದ ದಿನ ಮಾಡಿಬಿಟ್ಟಿದ್ದಾರೆ. ಆಧಾರ್ ಪ್ರಕಾರ ಅಜ್ಜಿ ಜನವರಿ 1ರಂದು ಹುಟ್ಟಿದವಳು. ಅವಳನ್ನೇ ಕೇಳಿದರೆ, ‘ಗಾಂಧಿ ಮುತ್ಯಾ ಸತ್ತಾಗ ನನ್ನ ಹಾಲಹಲ್ಲು ಬೀಳಾಕತ್ತಿದ್ವು’ ಅನ್ನುತ್ತಾಳೆ. 1948ರಿಂದ ಆರೇಳು ವರ್ಷ ಕಳೆದುಕೊಂಡೆ. ಆಧಾರ್‌ಗಿಂತ ಅಜ್ಜಿಯ ಹಲ್ಲೇ ನಂಬಿಗಸ್ತ. ಊರಿನದೂ ಇದೇ ಕತೆ. ನಮ್ಮ ಹಳ್ಳಿ ಇದ್ದಲ್ಲೇ ಇದೆ. ಆದರೆ 1997ಕ್ಕೂ ಹಿಂದಿನ ಕಾಗದದಲ್ಲಿ ಹಾವೇರಿ ಜಿಲ್ಲೆಯೇ ಇಲ್ಲ, ಧಾರವಾಡ. 1956ಕ್ಕೂ ಹಿಂದಕ್ಕೆ ಹೋದರೆ ಮುಂಬೈ ರಾಜ್ಯ.

ಎದುರಿಗೆ ಕೂತು ಪ್ರಶ್ನೆ ಕೇಳಿದರೆ ಅಜ್ಜಿ ಬಾಯಿ ಬಿಡುವುದಿಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಒತ್ತಿದರಂತೂ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾಳೆ. ಕೈಗೆ ಕೆಲಸ ಕೊಡಿ, ಮಾತು ತಾನಾಗಿ ಬರುತ್ತದೆ. ಹಾಗಾಗಿ ನನ್ನ ಸಂಶೋಧನೆಯೆಲ್ಲ ಜೋಳ ಹಸನು ಮಾಡುವಾಗ, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವಾಗ. ನೋಟ್‌ಬುಕ್ಕಿನ ಹಾಳೆಗಳೆಲ್ಲ ಕೆಂಪಾಗಿವೆ. ನೀವೂ ಪ್ರಯತ್ನಿಸುವುದಾದರೆ ನಡುವೆ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ.

ಅಂಥದ್ದೇ ಒಂದು ಮಧ್ಯಾಹ್ನ ಅಜ್ಜಿ ತನ್ನ ಮಕ್ಕಳನ್ನು ಬೆರಳು ಮಡಚಿ ಎಣಿಸಿದಳು. ಐದು. ನನಗೆ ಗೊತ್ತಿದ್ದದ್ದು ನಾಲ್ಕೇ: ಅಪ್ಪ, ಇಬ್ಬರು ಕಾಕಾಗಳು, ಸಣ್ಣತ್ತಿ.

‘ಹಿರೇ ಮಗಳು. ನಿಮ್ಮ ದೊಡ್ಡತ್ತಿ. ಎರಡನೇ ಬಾಣಂತನದಾಗ ಹ್ವಾದ್ಲು, ಕೂಸೂ ಉಳೀಲಿಲ್ಲ’ ಎಂದವಳೇ ಮತ್ತೆ ಮೊರ ಎತ್ತಿಕೊಂಡಳು.

ಅಳಿಯ ಇನ್ನೊಂದು ಮದುವೆಯಾದ ಮೇಲೆ ಎರಡೂ ಮನೆಗಳ ನಡುವೆ ಮಾತು ಕಡಿದುಹೋಯಿತಂತೆ. ಮೊದಲ ಮಗ ಗದಗಿನ ಕಡೆ ಇದ್ದಾನಂತೆ. ದೊಡ್ಡತ್ತಿಯ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಎರಡು–ಮೂರು ವರ್ಷಕ್ಕೊಮ್ಮೆ ಬಂದು, ಬಾಗಿಲಲ್ಲಿ ನಿಂತು ನಮ್ಮ ಏಳು ತಲೆಮಾರು ಒಪ್ಪಿಸಿ ಕಾಳು–ಕಾಸು ಪಡೆದು ಹೋಗುವ ಹೆಳವರ ಬಾಯಲ್ಲೂ ಆ ಹೆಸರು ನಾನು ಕೇಳಿಲ್ಲ. ಅವರು ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಗಂಡಸರ ಸಾಲು.

ರಾತ್ರಿ ಊಟದ ಹೊತ್ತಿಗೆ ಪಟ್ಟಿ ಓದಿದೆ. ಪಕ್ಕದ ಮನೆಯಿಂದ ಬಂದಿದ್ದ ಕಾಕಾ, ‘ಸತ್ತವರ ಹೆಸರು ಯಾಕ ಬೇಕು? ಇಲ್ಲದ ತಂಟೆ’ ಎಂದರು. ಪರೀಕ್ಷೆಗೆಂದು ಓದಿದ್ದು ಅಪರೂಪಕ್ಕೆ ಮನೆಯಲ್ಲಿ ಉಪಯೋಗಕ್ಕೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತೀರಿಹೋದ ಮಗಳ ಮಕ್ಕಳು ಮೊದಲ ವರ್ಗದ ವಾರಸುದಾರರು. ಹೆಸರು ಬಿಟ್ಟರೆ ಅರ್ಜಿಯ ಜೊತೆ ಕೊಡುವ ಅಫಿಡವಿಟ್ಟೇ ಸುಳ್ಳಾಗುತ್ತದೆ. ಅದಕ್ಕೆ ಸಹಿ ಹಾಕಬೇಕಾದವರು ಅಪ್ಪ.

ಅಪ್ಪ ಊಟ ಮುಗಿಯುವವರೆಗೂ ಮಾತಾಡಲಿಲ್ಲ. ಕೈ ತೊಳೆದು ಬಂದು, ‘ಅಕ್ಕನ ಹೆಸರು ಮೊದಲ ಬರಿ. ಆಕಿನ ಹಿರ್ಯಾಕಿ’ ಎಂದರು. ಅವರ ಬಾಯಲ್ಲಿ ‘ಅಕ್ಕ’ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ಖಾತೆ ಇನ್ನೂ ಆಗಿಲ್ಲ. ಕಾಕಾ ಈಗ ನಮ್ಮ ಮನೆಗೆ ಚಹಾಕ್ಕೆ ಬರುತ್ತಿಲ್ಲ. ಬೀಗರ ಬೀಗರನ್ನು ಹಿಡಿದು ಗದಗಿನ ಆ ಮಗನ ನಂಬರ್ ಹುಡುಕಿದೆವು. ಅಪ್ಪ ಮಾತಾಡಿದ್ದಾರೆ, ಮುಂದಿನ ಭಾನುವಾರ ಬರುತ್ತಾರಂತೆ. ಹೊಲದ ಮಾತು ಏನಾಗುತ್ತದೋ ಗೊತ್ತಿಲ್ಲ. ಅವರಿಗೀಗ ನಲವತ್ತು ದಾಟಿದೆ. ಅಜ್ಜಿ ಮಾತ್ರ ‘ಹುಡುಗ ಶೇಂಗಾ ಹೋಳಿಗಿ ತಿಂತಾನೇನ ಕೇಳವಾ’ ಎಂದು ಎರಡು ದಿನದಿಂದ ನನ್ನ ಬೆನ್ನು ಬಿದ್ದಿದ್ದಾಳೆ.